ಸೋದರಮಾವನ ಕಿವಿಯಲ್ಲಿ ಆಕಾಶವಾಣಿ

ಪುರೋಹಿತರು ಕೈ ಎತ್ತಿದರು. ಓಲಗದವರು ಗಟ್ಟಿಮೇಳಕ್ಕೆ ಉಸಿರು ತುಂಬಿಕೊಂಡರು. ಇಡೀ ಛತ್ರ ಅಕ್ಷತೆ ಹಿಡಿದು ಎದ್ದು ನಿಂತಿದೆ. ಆ ಒಂದು ಕ್ಷಣದ ನಿಶ್ಶಬ್ದದಲ್ಲಿ ಮೂರನೇ ಸಾಲಿನಿಂದ ನನ್ನ ಸೋದರಮಾವ “ಅಯ್ಯೋ, ಔಟ್!” ಎಂದು ಕೂಗಿಬಿಟ್ಟರು.

ಮದುಮಗ ತಾಳಿ ಹಿಡಿದ ಕೈಯಲ್ಲೇ ತಿರುಗಿ ನೋಡಿದ. ಅತ್ತೆ ಮಾವನ ತೊಡೆ ಚಿವುಟಿದರು. ನಾನೋ, ಅಕ್ಷತೆ ಹಾಕುವುದನ್ನೇ ಮರೆತು ಮಾವನನ್ನು ನೋಡುತ್ತಿದ್ದೆ. ಕೈಯಲ್ಲಿ ಫೋನಿಲ್ಲ, ಕುತ್ತಿಗೆಯಿಂದ ಇಳಿಬಿದ್ದ ವೈರಿಲ್ಲ, ಕಿವಿಯಲ್ಲಿ ಇಯರ್‌ಫೋನಿಲ್ಲ. ಫೋನು ಅತ್ತೆಯ ಬ್ಯಾಗಿನಲ್ಲಿ, ತಾಂಬೂಲದ ತೆಂಗಿನಕಾಯಿಯ ಕೆಳಗೆ ಮಲಗಿತ್ತು. ಇವರು ಔಟಾದದ್ದನ್ನು ಕೇಳಿದ್ದು ಎಲ್ಲಿಂದ?

“ಕಿವಿ ಮಿಷನ್ನಲ್ಲಿ ಕಾಮೆಂಟರಿ ಬರ್ತಿತ್ತು ಕಣೋ,” ಎಂದರು ಊಟದ ಪಂಕ್ತಿಯಲ್ಲಿ, ಕೋಸಂಬರಿ ಕಲೆಸುತ್ತಾ. ಏನೂ ಆಗಿಲ್ಲವೇನೋ ಎಂಬಂತೆ!

ಕಿವಿ ಮಿಷನ್ನು ಎಂದರೆ ನನ್ನ ತಲೆಯಲ್ಲಿದ್ದದ್ದು ತಾತನ ಅಂಗಿಯ ಜೇಬಿನ ಡಬ್ಬಿ. ಅದರಿಂದ ಹೊರಟು ಕಿವಿಗೆ ಏರುವ ತಿರುಚಿದ ವೈರು, ತಾತ ಬಗ್ಗಿದಾಗಲೆಲ್ಲ ಮನೆಯವರಿಗೆಲ್ಲ ಕೇಳುವಂತೆ ‘ಕುಂಯ್’ ಎನ್ನುವ ಸದ್ದು. ಕಿವುಡನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಎಂಬ ಗಾದೆಯನ್ನು ತಾತನ ಎದುರಿಗೇ, ಅವರಿಗೆ ಕೇಳದೆಂಬ ಧೈರ್ಯದಲ್ಲಿ, ಹೇಳುತ್ತಿದ್ದ ಮನೆ ನಮ್ಮದು. ಈಗ ಅದೇ ಮನೆತನದ ಇನ್ನೊಂದು ಕಿವಿಗೆ ಕಿನ್ನರಿ ಗಾಳಿಯಲ್ಲಿ ತೇಲಿಕೊಂಡು ನೇರವಾಗಿ ಒಳಗೇ ಹೋಗುತ್ತಿದೆ, ಪಕ್ಕದಲ್ಲಿ ಕೂತ ನನಗೇ ಕೇಳಿಸುತ್ತಿಲ್ಲ. ಆ ಮಧ್ಯಾಹ್ನ ಹೋಳಿಗೆ ತಣ್ಣಗಾಯಿತು. ಅಂದಿನಿಂದ ನನಗೆ ಹಿಡಿದ ಹುಚ್ಚು ಇನ್ನೂ ಇಳಿದಿಲ್ಲ.

ಮೊದಲು ಆ ವಸ್ತುವನ್ನೇ ಅಂಗೈಯಲ್ಲಿ ಇಟ್ಟುಕೊಂಡೆ. ಎರಡು ಮೂರು ಗ್ರಾಂ ತೂಕ, ಗಾತ್ರದಲ್ಲಿ ಸಿಪ್ಪೆ ಸುಲಿಯದ ಗೋಡಂಬಿಯಷ್ಟು. ಕಿವಿಯ ಹಿಂದೆ ಅವಿತು ಕೂರುತ್ತದೆ, ಅಲ್ಲಿಂದ ಕೂದಲಿನಷ್ಟು ತೆಳ್ಳಗಿನ ತಂತಿಯೊಂದು ಕಿವಿಯ ತೂತಿಗೆ ಇಳಿಯುತ್ತದೆ. ಆ ಗೋಡಂಬಿಯೊಳಗೆ ಎರಡು ಮೈಕು, ಒಂದು ಕಂಪ್ಯೂಟರು, ಒಂದು ರೇಡಿಯೊ! ತಂತಿಯ ತುದಿಗಿರುವ ಪುಟಾಣಿ ಸ್ಪೀಕರಿಗೆ ಈ ವೃತ್ತಿಯವರು ಸ್ಪೀಕರ್ ಎನ್ನುವುದಿಲ್ಲ, ‘ರಿಸೀವರ್’ ಎನ್ನುತ್ತಾರೆ. ಟೆಲಿಫೋನಿನಿಂದ ಬಂದ ಹೆಸರು ಅದು. ಈ ಹೆಸರನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇದಕ್ಕೆಲ್ಲ ಅನ್ನ ಹಾಕುವುದು ಒಂದು ಸೆಲ್ಲು. ಮಾವನದು 312 ನಂಬರಿನದು. ಅಡ್ಡಳತೆ 7.9 ಮಿಲಿಮೀಟರ್, ದಪ್ಪ 3.6 ಮಿಲಿಮೀಟರ್, ಬಟ್ಟಲಡಿಕೆಯ ಚೂರಿನಂತಿದೆ. ಅದರ ಮೇಲೊಂದು ಸ್ಟಿಕರ್ ಅಂಟಿಸಿರುತ್ತಾರೆ. ಅದನ್ನು ಕಿತ್ತರೆ ಕೆಳಗೆ ಸೂಜಿಮೊನೆಯ ತೂತುಗಳು. ಸೆಲ್ಲು ಅವುಗಳ ಮೂಲಕ ಉಸಿರಾಡುತ್ತದೆ! ಉತ್ಪ್ರೇಕ್ಷೆ ಅಲ್ಲ, ಒಳಗಿನ ಸತುವು ಹೊರಗಿನ ಗಾಳಿಯ ಆಮ್ಲಜನಕದ ಜೊತೆ ಸೇರಿದರೇ ವಿದ್ಯುತ್ತು. ಸ್ಟಿಕರ್ ಕಿತ್ತ ಕ್ಷಣದಿಂದ ಅದರ ಆಯುಸ್ಸು ಶುರು, ಮತ್ತೆ ಅಂಟಿಸಿದರೆ ಉಳಿತಾಯವೂ ಇಲ್ಲ. ಅತ್ತೆ ಮೊದಲ ತಿಂಗಳು ದಿನಾ ರಾತ್ರಿ ಅಂಟಿಸಿಡುತ್ತಿದ್ದರಂತೆ, ಪಾಪ. ಈ ಸೆಲ್ಲಿನಲ್ಲಿ ಇರುವುದು ಸುಮಾರು 1.4 ವೋಲ್ಟ್. ಒಟ್ಟು ಶಕ್ತಿ ಇಂದಿನ ಸಾಮಾನ್ಯ ಫೋನಿನ ಬ್ಯಾಟರಿಯ ಐವತ್ತರಲ್ಲಿ ಒಂದು ಪಾಲೂ ಇಲ್ಲ. ಅಷ್ಟರಲ್ಲೇ ಸುಮಾರು ಒಂದು ವಾರ ಬಾಳಬೇಕು, ಊರ ಮಾತೆಲ್ಲ ಕೇಳಿಸಬೇಕು, ಮೇಲೆ ಕ್ರಿಕೆಟ್ಟು.

ಇಲ್ಲೇ ಇರುವುದು ಮೊದಲ ಗುಟ್ಟು. ಹಳೆಯ ಬಗೆಯ ಬ್ಲೂಟೂತ್ ಬಕಾಸುರ. ಇಂಥ ಸೆಲ್ಲನ್ನು ಒಂದೇ ತುತ್ತಿಗೆ ನುಂಗಿ ತೇಗುತ್ತದೆ. ಆದ್ದರಿಂದ ಮೊದಮೊದಲು ಫೋನಿನ ಸದ್ದು ಬೇಕೆಂದವರು ಕೊರಳಿಗೆ ತಾಯಿತದಂತೆ ಇನ್ನೊಂದು ಪೆಟ್ಟಿಗೆ ಕಟ್ಟಿಕೊಳ್ಳಬೇಕಿತ್ತು. ಡೆನ್ಮಾರ್ಕಿನ ಓಟಿಕಾನ್ ಕಂಪನಿ 2007ರಲ್ಲಿ ಹೊರತಂದ ‘ಎಪೋಕ್’ ಇದೇ ರೀತಿಯದು. ಫೋನಿನಿಂದ ತಾಯಿತಕ್ಕೆ ಬ್ಲೂಟೂತ್, ತಾಯಿತದಿಂದ ಕಿವಿಗೆ ಅಯಸ್ಕಾಂತೀಯ ಅಲೆ. 2010ರಲ್ಲಿ ಬ್ಲೂಟೂತಿನ ಮಿತಾಹಾರಿ ತಮ್ಮ ‘ಲೋ ಎನರ್ಜಿ’ ಬಂದ. ಆದರೆ ಅವನು ಬಂದದ್ದು ಥರ್ಮಾಮೀಟರು, ಕೈಗಡಿಯಾರಗಳ ಚಿಕ್ಕಪುಟ್ಟ ಸುದ್ದಿ ಹೊರಲು. ಅವನಿಗೆ ಹಾಡು ಬರುತ್ತಿರಲಿಲ್ಲ. ಅವನಿಗೆ ಹಾಡು ಕಲಿಸಿದ್ದು ಆಪಲ್, 2013ರಲ್ಲಿ, ಅದೂ ಕಿವಿ ಮಿಷನ್ನಿಗೆಂದೇ! ಮರುವರ್ಷ ಡೆನ್ಮಾರ್ಕಿನದೇ ಇನ್ನೊಂದು ಕಂಪನಿ ರಿಸೌಂಡ್ ‘ಲಿಂಕ್ಸ್’ ತಂದಿತು. ತಾಯಿತ ಕಳಚಿ ಬಿತ್ತು.

ಮಿತಾಹಾರಿ ಬದುಕುವ ಬಗೆ ನೋಡಿ. ನಮ್ಮ ಬಡಾವಣೆಯ ನಲ್ಲಿಯ ಹಾಗೆ. ನೀರು ಬರುವ ಹೊತ್ತು ಗೊತ್ತಿರುವ ಗೃಹಿಣಿ ದಿನವಿಡೀ ನಲ್ಲಿಯ ಕೆಳಗೆ ಕಾಯುತ್ತಾಳೆಯೇ? ಆ ಹೊತ್ತಿಗೆ ಸರಿಯಾಗಿ ಬಿಂದಿಗೆ ಇಡುತ್ತಾಳೆ, ತುಂಬಿದ ಕೂಡಲೇ ಒಳಗೆ. ಕಿವಿಯ ರೇಡಿಯೊ ಕೂಡ ಫೋನಿನ ಜೊತೆ ಹೊತ್ತು ಗೊತ್ತುಮಾಡಿಕೊಂಡು, ಕಣ್ಣು ಬಿಟ್ಟು, ಒಂದು ಬಿಂದಿಗೆ ಶಬ್ದ ತುಂಬಿಕೊಂಡು ಮತ್ತೆ ನಿದ್ದೆಗೆ ಜಾರುತ್ತದೆ. ಈ ‘ಲೋ ಎನರ್ಜಿ’ಯ ಹೊಸ ಶಬ್ದಪದ್ಧತಿ ‘ಎಲ್‌ಇ ಆಡಿಯೊ’ದಲ್ಲಿ ಒಂದು ಬಿಂದಿಗೆ ಎಂದರೆ ಸಾಮಾನ್ಯವಾಗಿ 10 ಮಿಲಿಸೆಕೆಂಡಿನ ಶಬ್ದ. ಸೆಕೆಂಡಿಗೆ ನೂರು ಸಲ ಏಳುವುದು, ನೂರು ಸಲ ಮಲಗುವುದು. ಮಾವನ ಮಧ್ಯಾಹ್ನದ ನಿದ್ದೆಗೂ ಇಷ್ಟು ಶಿಸ್ತಿಲ್ಲ.

ಮುಂದಿನದು ತಲೆಯ ಕಥೆ. ನಿಜವಾಗಿಯೂ ತಲೆ, ಬುರುಡೆ ಸಮೇತ. ಬ್ಲೂಟೂತ್ ಅಲೆಗಳು 2.4 ಗಿಗಾಹರ್ಟ್ಸ್‌ನವು, ಅಲೆಯುದ್ದ ಸುಮಾರು ಹನ್ನೆರಡೂವರೆ ಸೆಂಟಿಮೀಟರ್. ಅಡುಗೆಮನೆಯ ಮೈಕ್ರೊವೇವ್ ಒಲೆ ನೀರನ್ನು ಬಿಸಿಮಾಡುವುದೂ ಹೆಚ್ಚುಕಡಿಮೆ ಇದೇ ಅಲೆಯಿಂದ. ಗಾಬರಿ ಬೇಡ. ಒಲೆಯದು ನೂರಾರು ವಾಟ್, ಕಿವಿಯದು ವಾಟಿನ ಸಾವಿರದ ಕೆಲವೇ ಪಾಲು. ಆದರೆ ಗುಣ ಒಂದೇ, ನೀರು ಕಂಡರೆ ಅಲೆ ಇಂಗಿಹೋಗುತ್ತದೆ. ನಮ್ಮ ತಲೆಯಲ್ಲಿ ಇರುವುದೇ ಬಹುಪಾಲು ನೀರು! ಬಲಗಿವಿಯಿಂದ ಎಡಗಿವಿಗೆ ಒಂದು ಗೇಣಿನ ದಾರಿ, ಆದರೆ ಬ್ಲೂಟೂತಿಗೆ ಅದು ಮಳೆಗಾಲದ ಶರಾವತಿ. ದಾಟಿಸಲು ಎಂಜಿನಿಯರುಗಳು ಬೇರೆಯದೇ ದೋಣಿ ಹುಡುಕಿದರು. ಕಿರಿದಾದ ಸುರುಳಿಯಲ್ಲಿ ಹುಟ್ಟುವ ಅಯಸ್ಕಾಂತೀಯ ಕ್ಷೇತ್ರ ತಲೆಯನ್ನು ಗಾಜೆಂಬಂತೆ ದಾಟುತ್ತದೆ. 2004ರಲ್ಲೇ ಸೀಮೆನ್ಸ್‌ನ ಒಂದು ಜೋಡಿ ಮಿಷನ್ನು ಹೀಗೆ ಒಂದರೊಡನೊಂದು ಪಿಸುಗುಟ್ಟಿತ್ತು. ಬಲಗಡೆಯ ಗುಂಡಿ ಒತ್ತಿದರೆ ಎಡಗಡೆಯದೂ ತಗ್ಗುತ್ತಿತ್ತು.

ಎರಡೂ ಕಿವಿಗೆ ಶಬ್ದ ಮುಟ್ಟಿದರೆ ಸಾಕೇ? ಸಾಲದು! ಎಡಗಡೆಯಿಂದ ಯಾರೋ ಕರೆದರು ಎಂದು ಗೊತ್ತಾಗುವುದು ಹೇಗೆ? ಎಡಗಿವಿಗೆ ಸದ್ದು ಮೊದಲು ತಲುಪುತ್ತದೆ, ಬಲಗಿವಿಗೆ ಆಮೇಲೆ. ಈ ಆಮೇಲೆ ಎಂಬುದು ಹೆಚ್ಚೆಂದರೆ ಒಂದು ಮಿಲಿಸೆಕೆಂಡಿನ ಮುಕ್ಕಾಲು ಪಾಲಿನೊಳಗೆ. ಸೆಕೆಂಡಿನ ಲಕ್ಷದಲ್ಲೊಂದು ಪಾಲಿನ ವ್ಯತ್ಯಾಸವನ್ನೂ ಮೆದುಳು ಗುರುತಿಸಬಲ್ಲದು. ಹೀಗಿರುವಾಗ ಎರಡು ಕಿವಿಗೂ ಬೇರೆ ಬೇರೆ ಹೊತ್ತಿಗೆ ಶಬ್ದದ ಪೊಟ್ಟಣಗಳು ಬಂದರೆ ಹಾಡು ತಲೆಯೊಳಗೆ ಉಯ್ಯಾಲೆ ಆಡುತ್ತದೆ.

ಪರಿಹಾರ ಏನು ಗೊತ್ತೇ? ಮುಹೂರ್ತ! ನಾನು ಉಪಮೆ ಹುಡುಕಿ ತಂದದ್ದಲ್ಲ, ಇದನ್ನು ಬೇರೆ ಹೆಸರಿನಿಂದ ಕರೆಯಲು ನನಗೆ ಸಾಧ್ಯವೇ ಆಗುತ್ತಿಲ್ಲ. ಪೊಟ್ಟಣ ಮೊದಲೇ ಬಂದಿರಲಿ, ತುಸು ತಡವಾಗಿ ಬರಲಿ, ಯಾರೂ ಕೂಡಲೇ ನುಡಿಸುವಂತಿಲ್ಲ. ಇಂಥ ಗಳಿಗೆಗೆ ಎಂದು ನಿಗದಿಯಾಗಿರುತ್ತದೆ, ಎರಡೂ ಕಿವಿ ಕಾದು ಕೂತು ಆ ಗಳಿಗೆಗೇ ಬಾರಿಸುತ್ತವೆ. ಪುರೋಹಿತರ ಕೈಸನ್ನೆಗೆ ಕಾಯುವ ಓಲಗದವನೂ ಡೋಲಿನವನೂ ಮಾಡುವುದು ಇದನ್ನೇ ಅಲ್ಲವೇ? ಗಟ್ಟಿಮೇಳದ ಹೊತ್ತಿಗೆ ಮಾವನ ತಲೆಯ ಎರಡು ಬದಿಯಲ್ಲೂ ಸೆಕೆಂಡಿಗೆ ನೂರು ನೂರು ಪುಟ್ಟ ಗಟ್ಟಿಮೇಳಗಳು ನಡೆಯುತ್ತಿದ್ದವು, ಛತ್ರದ ಯಾರಿಗೂ ತಿಳಿಯದೆ.

ಇನ್ನು ನನ್ನನ್ನು ನಿಜಕ್ಕೂ ಕಂಗೆಡಿಸಿದ ಸಂಗತಿ. ಮಾವನ ಕಿವಿಗೆ ಬರುತ್ತಿದ್ದದ್ದು ನಮಗೆ ನಿಮಗೆ ಕೇಳುವ ಕಾಮೆಂಟರಿ ಅಲ್ಲ. ಅದು ಅವರ ಕಿವಿಯ ಅಳತೆಗೆ ಹೊಲಿಸಿದ್ದು. ಅವರಿಗೆ ದಪ್ಪ ಸ್ವರ ಸರಿಯಾಗಿಯೇ ಕೇಳುತ್ತದೆ, ‘ಸ’, ‘ಶ’, ‘ತ’ ಮುಂತಾದ ತೆಳು ಸದ್ದುಗಳು ಮಾತ್ರ ಮಾಯ. “ಸೊಸೆ” ಎಂದರೆ “ಓಎ” ಎಂದು ಕೇಳಿದಂತೆ. ಆಡಿಯಾಲಜಿಸ್ಟು ಅವರ ಕಿವಿ ಪರೀಕ್ಷೆಯ ನಕ್ಷೆಯನ್ನು ಮಿಷನ್ನಿಗೆ ತುಂಬಿದ್ದಾರೆ. ಫೋನಿನಿಂದ ಬಂದ ಶಬ್ದ ಆ ನಕ್ಷೆಯ ಮೂಲಕ ಹಾದು, ಎಲ್ಲಿ ಕೊರತೆಯೋ ಅಲ್ಲಿ ಉಬ್ಬಿ, ಎಲ್ಲಿ ಸಾಕೋ ಅಲ್ಲಿ ಸುಮ್ಮನಾಗಿ ಕಿವಿ ಸೇರುತ್ತದೆ. ಎಷ್ಟೇ ದುಬಾರಿ ಹೆಡ್‌ಫೋನ್ ಕೊಂಡರೂ ಅದು ಹುಟ್ಟುತ್ತಲೇ ಎಲ್ಲರ ಕಿವಿಗೂ ಒಂದೇ. ಮಾವನದು ದರ್ಜಿ ಹೊಲಿದ ಜುಬ್ಬ, ನನ್ನದು ಸಂತೆಯ ಸಿದ್ಧ ಉಡುಪು!

ಕುಂದಿಲ್ಲವೇ? ಇದೆ. ಹಾಡು ಕೇಳಿದರೆ ಮೃದಂಗ ಸೊರಗಿರುತ್ತದೆ ಎನ್ನುತ್ತಾರೆ ಮಾವ. ಕಿವಿ ಕಟ್ಟಿದಂತಾಗಬಾರದೆಂದು ತುದಿಯ ರಬ್ಬರ್ ಟೊಪ್ಪಿಯಲ್ಲಿ ತೂತುಗಳಿರುತ್ತವೆ, ದಪ್ಪ ಸ್ವರವೆಲ್ಲ ಅಲ್ಲಿಂದಲೇ ಸೋರಿಹೋಗುತ್ತದೆ. ಕಾಮೆಂಟರಿಗೆ ತೊಂದರೆಯಿಲ್ಲ, ಮೃದಂಗದ ಪಾಲಘಾಟ್ ಮಣಿ ಅಯ್ಯರ್‌ಗೆ ಮಾತ್ರ ಅನ್ಯಾಯ.

ಅದಕ್ಕಿಂತ ದೊಡ್ಡ ಕುಂದು ಹೊಂದಾಣಿಕೆಯದು. ಮಾವನ ಹಳೆಯ ಫೋನಿಗೂ ಹೊಸ ಮಿಷನ್ನಿಗೂ ಜಾತಕ ಕೂಡಲಿಲ್ಲ. ಮಾರಿದ ಅಂಗಡಿಯವರು “ಬ್ಲೂಟೂತ್ ಇದೆ ಸಾರ್” ಎಂದಷ್ಟೇ ಹೇಳಿದ್ದರು. ಬ್ಲೂಟೂತ್ ಎರಡರಲ್ಲೂ ಇತ್ತು, ಮಾತುಕತೆ ಮಾತ್ರ ಇರಲಿಲ್ಲ. ಬ್ರಾಡ್‌ಗೇಜ್ ಗಾಡಿಯಿಂದ ಟ್ರಂಕು ಇಳಿಸಿಕೊಂಡು ಮೀಟರ್‌ಗೇಜ್ ಗಾಡಿಗೆ ಓಡುತ್ತಿದ್ದ ಕಾಲ ನೆನಪಿದೆಯೇ? ಎರಡೂ ರೈಲೇ, ಎರಡೂ ಕಬ್ಬಿಣದ ಹಳಿಯೇ, ಆದರೆ ಒಂದರ ಗಾಡಿ ಇನ್ನೊಂದರ ಮೇಲೆ ಓಡದು. ಇಲ್ಲೂ ಹಾಗೆ. ಐಫೋನಿನದು ಒಂದು ಗೇಜು. ಗೂಗಲ್ 2018ರಲ್ಲಿ ಆಂಡ್ರಾಯ್ಡ್‌ಗೆಂದು ಘೋಷಿಸಿದ ‘ಆಶಾ’ ಇನ್ನೊಂದು. ನಮ್ಮ ಕನ್ನಡದ ಹೆಸರೇ ಆಯಿತು, ಆದರೆ ಎಲ್ಲ ಫೋನುಗಳೂ ಈ ಆಶಾಳನ್ನು ಮನೆ ತುಂಬಿಸಿಕೊಳ್ಳಲಿಲ್ಲ. ಸ್ವಿಟ್ಜರ್ಲೆಂಡಿನ ಫೋನಾಕ್ ಮೂರನೇ ದಾರಿ ಹಿಡಿಯಿತು. ಯಾರ ಅಪ್ಪಣೆಯೂ ಬೇಡವೆಂದು ತನ್ನದೇ ಚಿಪ್ ಮಾಡಿ, ಬಕಾಸುರ ಬ್ಲೂಟೂತನ್ನೇ ಪಳಗಿಸಿ, 2017ರಲ್ಲಿ ಬಹುತೇಕ ಯಾವ ಫೋನಿಗೂ ಹೊಂದುವ ಮಿಷನ್ ತಂದಿತು. ಮೊದಲಿಗೆ ಒಂದೇ ಕಿವಿಗೆ, ಮರುವರ್ಷ ಎರಡಕ್ಕೂ. ಆದ್ದರಿಂದ ಬುದ್ಧಿವಂತ ಆಡಿಯಾಲಜಿಸ್ಟು ಈಗ ಕಿವಿ ನೋಡುವ ಮೊದಲು “ನಿಮ್ಮ ಫೋನ್ ಯಾವುದು?” ಎಂದು ಕೇಳುತ್ತಾರೆ. ಕೊಳ್ಳುವವರು ಅಂಗಡಿಯಲ್ಲೇ ತಮ್ಮ ಫೋನಿಗೆ ಜೋಡಿಸಿ, ಒಂದು ಕರೆ ಮಾಡಿ, ಎರಡೂ ಕಡೆ ಮಾತು ಸರಿಯಾಗಿ ಕೇಳುವುದನ್ನು ನೋಡಿಯೇ ದುಡ್ಡು ಎಣಿಸಬೇಕು. ಮಾವ ಕೊನೆಗೆ ಮಿಷನ್ನಿಗಾಗಿ ಫೋನನ್ನೇ ಬದಲಿಸಿದರು.

ಈ ಗೇಜುಗಳನ್ನೆಲ್ಲ ಒಂದು ಮಾಡುವ ಕೆಲಸ ಹೇಗೆ ಶುರುವಾಯಿತು ಎಂದು ಹಿಂದೆ ಹಿಂದೆ ಹೋದವನಿಗೆ ಕಂಡದ್ದನ್ನು ಹೇಳದೆ ಇರಲಾರೆ. 2014ರಲ್ಲಿ ಯುರೋಪಿನ ಕಿವಿ ಮಿಷನ್ ತಯಾರಕರ ಸಂಘ ಬ್ಲೂಟೂತ್ ಕೂಟದ ಬಾಗಿಲು ತಟ್ಟಿ, ನಮ್ಮವರಿಗೂ ಒಂದು ದಾರಿ ಮಾಡಿಕೊಡಿ ಎಂದಿತು. ಎಂಪಿ3 ಹುಟ್ಟಿದ ಜರ್ಮನಿಯ ಫ್ರಾನ್‌ಹೋಫರ್ ಸಂಸ್ಥೆ ಹಾಗೂ ಬ್ಲೂಟೂತ್ ಹುಟ್ಟಿದ ಸ್ವೀಡನ್ನಿನ ಎರಿಕ್ಸನ್ ಸೇರಿ ‘ಎಲ್‌ಸಿ3’ ಎಂಬ ಹೊಸ ಶಬ್ದಸಂಕೋಚನ ವಿದ್ಯೆ ರೂಪಿಸಿದವು. ಹಳೆಯದಕ್ಕೆ ಬೇಕಿದ್ದ ಅರ್ಧದಷ್ಟು ದತ್ತಾಂಶದಲ್ಲೇ ಅಷ್ಟೇ ಚೆನ್ನಾದ ಶಬ್ದ! 2020ರ ಜನವರಿಯಲ್ಲಿ ಲಾಸ್ ವೇಗಸ್‌ನಲ್ಲಿ ‘ಎಲ್‌ಇ ಆಡಿಯೊ’ ಘೋಷಣೆಯಾಯಿತು, 2022ರಲ್ಲಿ ಅದರ ನಿಯಮಗಳೆಲ್ಲ ಪೂರ್ತಿಯಾದವು. ಇಂದು ಕಾಲೇಜು ಹುಡುಗರು ಕಿವಿಗೆ ತುರುಕಿಕೊಳ್ಳುವ ಹಲವು ಹೊಸ ಇಯರ್‌ಬಡ್‌ಗಳಲ್ಲೂ ಇದೇ ಇದೆ. ಅಂದರೆ ಅಜ್ಜಿ ತಾತಂದಿರ ಕಿವಿಗೆಂದು ತೋಡಿದ ಕಾಲುವೆಯಲ್ಲಿ ಈಗ ಮೊಮ್ಮಕ್ಕಳು ಈಜುತ್ತಿದ್ದಾರೆ!

ಇದು ಮೊದಲ ಸಲವೂ ಅಲ್ಲ. 1876ರಲ್ಲಿ ಟೆಲಿಫೋನಿಗೆ ಪೇಟೆಂಟ್ ಪಡೆದ ಗ್ರಹಾಂ ಬೆಲ್ ಬಾಸ್ಟನ್ನಿನಲ್ಲಿ ಕಿವುಡ ಮಕ್ಕಳ ಮೇಷ್ಟ್ರು. ಅವನ ತಾಯಿಗೂ ಹೆಂಡತಿಗೂ ಕಿವಿ ಕೇಳುತ್ತಿರಲಿಲ್ಲ. ಟ್ರಾನ್ಸಿಸ್ಟರ್ ಹುಟ್ಟಿದ್ದು ಅವನ ಹೆಸರಿನ ಪ್ರಯೋಗಾಲಯದಲ್ಲಿ, 1947ರಲ್ಲಿ. ಆ ಟ್ರಾನ್ಸಿಸ್ಟರ್ ಮೊದಲು ಮಾರುಕಟ್ಟೆಗೆ ಬಂದದ್ದು ಟ್ರಾನ್ಸಿಸ್ಟರ್ ರೇಡಿಯೊದಲ್ಲಿ ಎಂದೇ ನಾನು ನಂಬಿದ್ದೆ. ಅಲ್ಲ! ಅದಕ್ಕೂ ಎರಡು ವರ್ಷ ಮೊದಲು, 1952ರ ಕೊನೆಯಲ್ಲಿ, ಸೊನೊಟೋನ್ ಎಂಬ ಕಿವಿ ಮಿಷನ್ನಿನಲ್ಲಿ. ಬೆಲ್ ನೆನಪಿಗೆಂದು ಪ್ರಯೋಗಾಲಯದವರು ಕಿವಿ ಮಿಷನ್ ತಯಾರಕರಿಂದ ರಾಯಧನವನ್ನೇ ಕೇಳಲಿಲ್ಲ. ಮುಂದೆ ಇಂಟಿಗ್ರೇಟೆಡ್ ಸರ್ಕ್ಯೂಟ್ ಬಂದಾಗ ಜನಸಾಮಾನ್ಯರ ಕೈಗೆ ಅದು ಮೊದಲು ಸಿಕ್ಕಿದ್ದು ಯಾವುದರಲ್ಲಿ? 1964ರ ಝೆನಿತ್ ಕಿವಿ ಮಿಷನ್ನಿನಲ್ಲಿ. ಸ್ಪೀಕರನ್ನು ರಿಸೀವರ್ ಎನ್ನುವ ಮರ್ಮ ಈಗ ತಿಳಿಯಿತೇ? ಫೋನು ಕಿವಿ ಮಿಷನ್ನಿಗೆ ದೂರದ ನೆಂಟನಲ್ಲ, ಒಂದೇ ಬಳ್ಳಿಯ ಕಾಯಿ. ಹಿಂದುಳಿದವರು ಎಂದು ನಾವು ಅಯ್ಯೋ ಎನ್ನುವ ಕಿವಿಗಳು ಪ್ರತಿ ಸಲವೂ ಒಂದು ಹೆಜ್ಜೆ ಮುಂದೆ ನಿಂತು ನಮ್ಮನ್ನು ಕರೆದಿವೆ. ಹಾಗೆ ನೋಡಿದರೆ ಮಾವ ಸುಮ್ಮನೆ ಕ್ರಿಕೆಟ್ ಕೇಳುತ್ತಿದ್ದರು, ನಾನೇ ಹಿಂದಿದ್ದೆ.

‘ಎಲ್‌ಇ ಆಡಿಯೊ’ದ ಜೊತೆಗೇ ಹುಟ್ಟಿದ ಕೂಸು ‘ಔರಾಕಾಸ್ಟ್’. ಇಲ್ಲಿಯವರೆಗೆ ಒಂದು ಫೋನು, ಒಬ್ಬರ ಕಿವಿ. ಇದರಲ್ಲಿ ಒಂದು ಪೆಟ್ಟಿಗೆ ಪ್ರಸಾರ ಮಾಡುತ್ತದೆ, ಅದರ ಅಳವಿನಲ್ಲಿರುವ ಎಷ್ಟು ಕಿವಿ ಬೇಕಾದರೂ ಕೇಳಬಹುದು. ಯಾರು ಕೇಳುತ್ತಿದ್ದಾರೆಂದು ಪೆಟ್ಟಿಗೆಗೆ ಗೊತ್ತೂ ಇಲ್ಲ, ಅದಕ್ಕೆ ಬೇಕಾಗಿಯೂ ಇಲ್ಲ. ಇದನ್ನು ಓದುತ್ತಿದ್ದಂತೆ ನಾನು ಕುರ್ಚಿಯಿಂದ ಎದ್ದೇ ಬಿಟ್ಟೆ. ಇದು ಆಕಾಶವಾಣಿ! 1935ರಲ್ಲಿ ಮೈಸೂರಿನ ಮನಃಶಾಸ್ತ್ರದ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ಒಂದು ಪುಟ್ಟ ಪ್ರಸಾರಯಂತ್ರದಲ್ಲಿ ಶುರುಮಾಡಿ, ‘ಆಕಾಶವಾಣಿ’ ಎಂದು ಹೆಸರಿಟ್ಟರಲ್ಲ, ಅಂಥದ್ದೇ ಪುಟ್ಟ ಪುಟ್ಟ ಆಕಾಶವಾಣಿಗಳು. ವಿಮಾನ ನಿಲ್ದಾಣದ ಗೇಟಿಗೊಂದು, ರಂಗಮಂದಿರಕ್ಕೊಂದು, ಉಪನ್ಯಾಸದ ಕೋಣೆಗೊಂದು. ಅದೇ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೂ ಇದೆ. ಪ್ರಸಾರಕ್ಕೆ ಹೆಸರಿಟ್ಟ ಊರು, ಕಿವಿಗೆ ಮದ್ದು ಹುಡುಕುವ ಊರು ಎರಡೂ ಒಂದೇ. ಪ್ರಸಾರವೇ ಕಿವಿ ಮಿಷನ್ನಿನೊಳಗೆ ಬಂದು ಕೂರುವ ಕಾಲಕ್ಕೆ ಇದಕ್ಕಿಂತ ಒಪ್ಪುವ ಊರು ಇನ್ನೆಲ್ಲಿ!

ಹಳಬನೊಬ್ಬನನ್ನು ಮರೆತರೆ ಪಾಪ ತಟ್ಟೀತು. ಟೆಲಿಕಾಯಿಲ್ ಎಂಬ ಪುಟ್ಟ ತಾಮ್ರದ ಸುರುಳಿ ಹಲವು ಮಿಷನ್ನುಗಳಲ್ಲಿ ಈಗಲೂ ಇದೆ. ಸಭಾಂಗಣದ ಸುತ್ತ ಒಂದು ತಂತಿ ಎಳೆದು ಅದರಲ್ಲಿ ಭಾಷಣದ ವಿದ್ಯುತ್ತು ಹರಿಸಿದರೆ, ಒಳಗೆ ಕೂತ ಪ್ರತಿ ಸುರುಳಿಯೂ ಮಾತು ಹಿಡಿಯುತ್ತದೆ. ಬ್ರಿಟನ್ನಿನ ಚರ್ಚುಗಳಲ್ಲಿ, ಟಿಕೆಟ್ ಕಿಟಕಿಗಳಲ್ಲಿ, ಲಂಡನ್ನಿನ ಕಪ್ಪು ಟ್ಯಾಕ್ಸಿಗಳಲ್ಲೂ ಇದು ಉಂಟು. ಜೋಡಿಸುವ ಗೋಜಿಲ್ಲ, ಕಂಪನಿಯ ಭೇದವಿಲ್ಲ, ಜಾತಕ ನೋಡುವುದೇ ಬೇಡ. ಹೊಸದರ ಸಂಭ್ರಮದಲ್ಲಿ ಈ ಸುರುಳಿಯನ್ನು ಕೈಬಿಟ್ಟ ಮಿಷನ್ನುಗಳನ್ನು ಕಂಡರೆ ನನಗೆ ಕಸಿವಿಸಿ.

ಇಷ್ಟು ಹೊತ್ತು ಹೇಳಿದ್ದೆಲ್ಲದರಲ್ಲೂ ಕೊನೆಯ ಬೆರಳಗಲದ ದಾರಿಯಲ್ಲಿ ಶಬ್ದ ಗಾಳಿಯಾಗಿ ನಡುಗುತ್ತದೆ. ಕಾಕ್ಲಿಯರ್ ಇಂಪ್ಲಾಂಟ್ ಹಾಕಿಸಿಕೊಂಡವರಿಗೆ ಅದೂ ಇಲ್ಲ. ಕಾಕ್ಲಿಯಾ ಎಂದರೆ ಒಳಗಿವಿಯ ಬಸವನಹುಳು. ಅದರ ಸುರುಳಿಯೊಳಗೆ ವಿದ್ಯುತ್ ತಂತಿ ಇಳಿಸಿ ನರವನ್ನೇ ಮೀಟುತ್ತಾರೆ. 2017ರಿಂದ ಇಂಥ ಯಂತ್ರಕ್ಕೂ ಐಫೋನಿನಿಂದ ನೇರ ಶಬ್ದ ಬರುತ್ತಿದೆ. ಮಗಳು ಕಳಿಸಿದ ಹಾಡು ಫೋನಿನಲ್ಲಿ ಅಂಕಿ, ಗಾಳಿಯಲ್ಲಿ ರೇಡಿಯೊ ಅಲೆ, ಚರ್ಮದಾಚೆ ವಿದ್ಯುತ್ತು, ಆಮೇಲೆ ನೇರ ನರ. ಕೇಳುವವರ ಬದಿಯಲ್ಲಿ ಎಲ್ಲೂ, ಒಂದು ಕ್ಷಣಕ್ಕೂ, ಅದು ಶಬ್ದವೇ ಆಗಿರುವುದಿಲ್ಲ. ಆದರೂ ಅವರು ತಲೆದೂಗುತ್ತಾರೆ! ನಾನು ಇದನ್ನು ಬರೆದು ಅರ್ಧ ಗಂಟೆ ಸುಮ್ಮನೆ ಕೂತಿದ್ದೆ.

ನಮ್ಮ ಬೆಂಗಳೂರಿನ ಮೂವರು ಯುವಕರ ಸಾಹಸ 2024ರಲ್ಲಿ ಜಗತ್ತಿನ ಸುದ್ದಿಯಾಯಿತು. ಏರ್‌ಪಾಡ್ಸ್ ಪ್ರೊ ಎಂಬ ಹಾಡು ಕೇಳುವ ಇಯರ್‌ಬಡ್ ಅನ್ನೇ ಕಿವಿ ಮಿಷನ್ ಮಾಡುವ ಸೌಲಭ್ಯಕ್ಕೆ ಆ ಸೆಪ್ಟೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ಹುಡುಗರು ಅಜ್ಜಿಗೆಂದು ಕೊಂಡು ತಂದರು. ಆದರೆ ಆಗ ಭಾರತದಲ್ಲಿ ಆ ಸೌಲಭ್ಯಕ್ಕೆ ಬೀಗ. ಬಿಟ್ಟಾರೆಯೇ? ಅಲ್ಯೂಮಿನಿಯಂ ಹಾಳೆ, ತಾಮ್ರದ ಜಾಲರಿಯಿಂದ ರೇಡಿಯೊ ಅಲೆ ನುಗ್ಗದಂಥ ಪಂಜರ ಕಟ್ಟಿದರು. ಒಳಗೆ ಪುಟ್ಟ ಚಿಪ್ಪೊಂದರಿಂದ ಕ್ಯಾಲಿಫೋರ್ನಿಯಾದ ವೈಫೈ ಹೆಸರುಗಳನ್ನು ಪಠಿಸಿದರು. ಊರಿನ ನಿಜವಾದ ವೈಫೈಯನ್ನು ಮಂಕಾಗಿಸಲು ಏನು ಬಳಸಿದರು ಹೇಳಿ? ಮೈಕ್ರೊವೇವ್ ಒಲೆ! ಅದೇ 2.4 ಗಿಗಾಹರ್ಟ್ಸ್. ಸಾಧನ ತಾನು ಅಮೆರಿಕದಲ್ಲಿದ್ದೇನೆಂದು ನಂಬಿ ಬೀಗ ತೆರೆಯಿತು. ಬೆಂಗಳೂರಿನಲ್ಲೇ ಕೂತ ಅಜ್ಜಿಗೆ ಕಿವಿ ಕೇಳಿಸಿತು. ಕಿವಿ ಸವೆದ ಕೋಟ್ಯಂತರ ಜನರಿರುವ ದೇಶ ನಮ್ಮದು, ಎಲ್ಲರಿಗೂ ಇಂಥ ಮೊಮ್ಮಕ್ಕಳಿರುವುದಿಲ್ಲ. ಒಳ್ಳೆಯ ಜೋಡಿಗೆ ಈಗಲೂ ಒಂದು ಸ್ಕೂಟರಿನ ಬೆಲೆ. ಬೆರಗಾಗುವಾಗಲೂ ಇದು ಗಂಟಲಲ್ಲಿ ಮುಳ್ಳಾಗಿಯೇ ಉಳಿಯುತ್ತದೆ.

ಮೊನ್ನೆ ಇನ್ನೊಂದು ಮದುವೆ. ಈ ಸಲ ಕ್ರಿಕೆಟ್ ಬೇಡವೆಂದು ಅತ್ತೆ ಫೋನನ್ನು ಮನೆಯಲ್ಲೇ ಬಿಡಿಸಿದ್ದರು. ಮಂತ್ರ ಚೆನ್ನಾಗಿ ಕೇಳಲೆಂದು ಮಾವ ತಮ್ಮ ಹೊಸ ಕ್ಲಿಪ್ ಮೈಕನ್ನು ಪುರೋಹಿತರ ಶಲ್ಯಕ್ಕೆ ಸಿಕ್ಕಿಸಿ ಬಂದು ಮೂರನೇ ಸಾಲಿನಲ್ಲಿ ಕೂತರು. ಹತ್ತಿಪ್ಪತ್ತು ಮೀಟರ್ ದೂರದ ಮಾತನ್ನೂ ಅದು ನೇರ ಕಿವಿಗೇ ತಂದು ಹಾಕುತ್ತದೆ. ಸಂಕಲ್ಪ ಮುಗಿಸಿದ ಪುರೋಹಿತರು ಮೈಕನ್ನು ಮರೆತು, ಮಂಟಪದ ಹಿಂದೆ ಹೋಗಿ ಯಾರಿಗೋ ಫೋನ್ ಮಾಡಿದರು. ಮಾವ ನನ್ನ ಕಡೆ ಬಾಗಿ, ಕಣ್ಣು ಮಿಟುಕಿಸಿ, ಪಿಸುಗುಟ್ಟಿದರು:

“ಇವರಿಗೆ ಹನ್ನೊಂದೂವರೆಗೆ ಇನ್ನೊಂದು ಛತ್ರದಲ್ಲಿ ಮುಹೂರ್ತ ಇದೆಯಂತೆ ಕಣೋ. ಸಪ್ತಪದಿ ಓಡಿಸ್ತಾರೆ ನೋಡ್ತಿರು.”